ಮಂಡಿನೋವಿನ ಮದ್ದಿನ ಚರಿತ್ರೆ

ಮುಪ್ಪು ಆವರಿಸುವ ಮೊದಲೇ ದೇವರನ್ನು ನೆನೆ ಎಂದು ಎಚ್ಚರಿಸುವ ಬಸವಣ್ಣನವರ ವಚನವೊಂದು ನಮಗೆಲ್ಲ ಶಾಲೆಯ ದಿನಗಳಿಂದಲೂ ಪರಿಚಿತ. ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸುವ ಆ ವಚನದಲ್ಲಿ ತನ್ನ ಕಾಲಿಗೆ ತನ್ನ ಕೈಯನ್ನೇ ಆಸರೆಯಾಗಿ ಕೊಟ್ಟು ನಿಲ್ಲುವ ವೃದ್ಧನ ಚಿತ್ರವೂ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕವಿಯ ಕಣ್ಣಿಗೆ ಬಿದ್ದ ಈ ಭಂಗಿಯನ್ನೇ ಇಂದಿನ ಮೂಳೆವೈದ್ಯರು ಮಂಡಿ ಸವೆದು ತೊಡೆಯ ಸ್ನಾಯು ಸೊರಗಿದ್ದರ ಗುರುತೆಂದು ಓದುತ್ತಾರೆ. ನಮ್ಮ ತಾಯಿಯವರಲ್ಲಿ ನಾನು ಈ ಭಂಗಿಯನ್ನು ಮೊದಲು ಕಂಡದ್ದು ಒಂದು ಮದುವೆಯ ಊಟದಲ್ಲಿ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವರು ಊಟ ಮುಗಿದ ಮೇಲೆ ಏಳಲಾರದೆ, ಎಡಗೈಯನ್ನು ನೆಲಕ್ಕೂ ಬಲಗೈಯನ್ನು ಮಂಡಿಗೂ ಊರಿ, ಸುತ್ತಲಿನವರು ನೋಡುತ್ತಿದ್ದಾರೆಂಬ ಸಂಕೋಚದಿಂದ ನಗುತ್ತ ಕುಳಿತೇ ಇದ್ದರು. ಮುಂದಿನ ಮದುವೆಗೆ ಅವರಿಗಾಗಿ ಸಾಲಿನ ಕೊನೆಯಲ್ಲಿ ಒಂದು ಕುರ್ಚಿ ಬಂತು. ಆ ಕುರ್ಚಿಯನ್ನು ಅವರು ಕೊನೆಯವರೆಗೂ ಕ್ಷಮಿಸಲಿಲ್ಲ.

ಮಂಡಿಯ ಸವೆತಕ್ಕೆ ಮನುಷ್ಯರು ಇದುವರೆಗೆ ಏನೇನು ಮದ್ದು ಮಾಡಿದರು, ಯಾವುದು ನಿಂತಿತು, ಯಾವುದು ಬಿದ್ದುಹೋಯಿತು ಎಂಬುದು ಇಂದಿನ ಭಾಷಣದ ವಿಷಯ. ನಾನು ವೈದ್ಯನಲ್ಲ. ಕುರ್ಚಿಯ ಕಾರಣದಿಂದಾಗಿ ಈ ಚರಿತ್ರೆಯನ್ನು ಓದತೊಡಗಿದವನು.

ನಮ್ಮ ಪ್ರಾಚೀನರು ಈ ನೋವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕಸಂಹಿತೆಯ ವಾತವ್ಯಾಧಿ ಚಿಕಿತ್ಸೆಯ ಅಧ್ಯಾಯದಲ್ಲಿ ಸಂಧಿಗಳನ್ನು ಹೊಕ್ಕ ವಾತದ ವರ್ಣನೆಯಿದೆ. ಕೀಲು ಊದಿಕೊಂಡಿರುತ್ತದೆ, ಮುಟ್ಟಿದರೆ ಗಾಳಿ ತುಂಬಿದ ತೊಗಲಿನ ಚೀಲವನ್ನು ಮುಟ್ಟಿದಂತಾಗುತ್ತದೆ, ಚಾಚುವಾಗಲೂ ಮಡಿಸುವಾಗಲೂ ನೋಯುತ್ತದೆ. ರೋಗಿಯ ಮಂಡಿಯ ಮೇಲೆ ಕೈಯಿಟ್ಟು ನೋಡದೆ ಬರೆಯಬಹುದಾದ ಮಾತಲ್ಲ ಇದು. ಸುಶ್ರುತನಲ್ಲಿ ಇನ್ನೊಂದು ಚಿತ್ರವಿದೆ: ಮಂಡಿ ನರಿಯ ತಲೆಯಂತೆ ಊದಿಕೊಳ್ಳುವ ಕ್ರೋಷ್ಟುಕಶೀರ್ಷ. ತೊಡೆಯೂ ಮೀನಖಂಡವೂ ಸೊರಗಿ ನಡುವೆ ಗಂಟು ಮಾತ್ರ ಉಬ್ಬಿ ನಿಂತ ಕಾಲನ್ನು ಕಂಡವರಿಗೆ ಈ ಹೆಸರು ಎಷ್ಟು ತಕ್ಕದ್ದೆಂದು ತಿಳಿಯುತ್ತದೆ. ಆದರೆ ಅದು ಉರಿಯೂ ತೀವ್ರ ನೋವೂ ಕೂಡಿದ ಬೇರೆಯೇ ಬಾಧೆಯಾದುದರಿಂದ, ಇಂದಿನ ಸವೆತದ ರೋಗವೇ ಅದೆಂದು ಸಾಧಿಸಹೊರಡುವುದು ಅಭಿಮಾನದ ಅತಿರೇಕವಾದೀತು. ತೈಲದ ಅಭ್ಯಂಗ, ಶಾಖ, ಬಟ್ಟೆ ಕಟ್ಟುವುದು, ಕೊನೆಗೆ ಕಾದ ಸಲಾಕೆಯಿಂದ ಸುಡುವುದು, ಇವು ಅಂದಿನ ಉಪಾಯಗಳು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಮಂಡಿಗೆ ಕಟ್ಟುವುದನ್ನೂ ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರನ್ನು ಎರೆಯುವುದನ್ನೂ ನಮ್ಮ ಮನೆಗಳಲ್ಲಿ ಮುದುಕಿಯರು ಇಂದಿಗೂ ಬಿಟ್ಟಿಲ್ಲ. ಶಾಖದಿಂದ ನೋವು ತಾತ್ಕಾಲಿಕವಾಗಿ ಇಳಿಯುತ್ತದೆ ಎಂಬುದನ್ನು ಯಾವ ವೈದ್ಯನೂ ಅಲ್ಲಗಳೆಯಲಾರ.

ಯೂರೋಪಿನಲ್ಲಿ ಬಹುಕಾಲ ಕೀಲುನೋವುಗಳೆಲ್ಲ ಒಂದೆರಡು ಹೆಸರುಗಳ ಕೆಳಗೆ ಒಟ್ಟಾಗಿ ಬಿದ್ದಿದ್ದವು. 1743ರಲ್ಲಿ ವಿಲಿಯಂ ಹಂಟರ್ ಎಂಬ ಇಪ್ಪತ್ತೈದು ವರ್ಷದ ಸ್ಕಾಟಿಷ್ ಅಂಗರಚನಾತಜ್ಞ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಕೀಲುಗಳ ಮೃದ್ವಸ್ಥಿಯ ವಿಷಯವಾಗಿ ಪ್ರಬಂಧವೊಂದನ್ನು ಮಂಡಿಸಿದ. ಎರಡು ಎಲುಬುಗಳು ಕೂಡುವಲ್ಲಿ ಅವುಗಳ ತುದಿಗಳಿಗೆ ಹೊದಿಸಿದ ನುಣುಪಾದ ಬಿಳಿಯ ಪದರವೇ ಈ ಮೃದ್ವಸ್ಥಿ. ಅದು ಒಮ್ಮೆ ಕೆಟ್ಟರೆ ಮತ್ತೆ ಬೆಳೆಯದು ಎಂಬುದು ಹಿಪಾಕ್ರಟೀಸನ ಕಾಲದಿಂದಲೂ ಒಪ್ಪಿಕೊಂಡು ಬಂದ ಮಾತೆಂದು ಹಂಟರ್ ಅಲ್ಲಿ ಬರೆದ. ಆ ಪದರಕ್ಕೆ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ರಕ್ತ ಹರಿಯದಲ್ಲಿ ಗಾಯ ಮಾಯುವ ಬಗೆಯಾದರೂ ಹೇಗೆ? ನರವಿಲ್ಲದಲ್ಲಿ ಆರಂಭದ ಹಾನಿ ಅರಿವಿಗೆ ಬರುವುದಾದರೂ ಹೇಗೆ? ನೋವೆಂಬ ದೂತ ಬಂದು ಬಾಗಿಲು ತಟ್ಟುವ ಹೊತ್ತಿಗೆ ಒಳಗೆ ಬಹಳಷ್ಟು ನಡೆದುಹೋಗಿರುತ್ತದೆ. ಮುಂದಿನ ಇನ್ನೂರೆಂಬತ್ತು ವರ್ಷಗಳ ಚಿಕಿತ್ಸೆಯ ಚರಿತ್ರೆಯೆಲ್ಲ ಹಂಟರನ ಆ ಒಂದು ಮಾತಿನೊಡನೆ ನಡೆಸಿದ ಜಗಳವೆಂದರೆ ತಪ್ಪಾಗಲಾರದು.

ಹೆಸರುಗಳ ಕಥೆಯನ್ನು ಬೇಗನೆ ಮುಗಿಸಿಬಿಡುತ್ತೇನೆ. ಬೆರಳ ತುದಿಯ ಗಂಟುಗಳು ಗೌಟ್ ರೋಗದವಲ್ಲ, ಬೇರೆಯವು ಎಂದು ವಿಲಿಯಂ ಹೆಬರ್ಡನ್ ಬರೆದಿಟ್ಟದ್ದು ಅವನು ತೀರಿಹೋದ ಮೇಲೆ, 1802ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಲ್ಫ್ರೆಡ್ ಗ್ಯಾರಡ್ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು ಕೊಟ್ಟ. ಸವೆತದ ರೋಗವನ್ನು ಅದರಿಂದ ಸ್ಪಷ್ಟವಾಗಿ ಬೇರ್ಪಡಿಸಿದವರಲ್ಲಿ ಅವನ ಮಗ ಆರ್ಚಿಬಾಲ್ಡ್ ಗ್ಯಾರಡ್ ಪ್ರಮುಖ. 1895ರಲ್ಲಿ ರಾಂಟ್ಜನ್ ಕ್ಷಕಿರಣಗಳನ್ನು ಕಂಡುಹಿಡಿದ ಮೇಲೆ ಬದುಕಿರುವವನ ಮಂಡಿಯ ಒಳಗನ್ನೂ ನೋಡುವಂತಾಯಿತು. 1957ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಆ ಚಿತ್ರಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳನ್ನು ಗೊತ್ತುಮಾಡಿದರು. ಇಂದಿಗೂ ವೈದ್ಯರು ಮೂರನೆಯ ದರ್ಜೆ, ನಾಲ್ಕನೆಯ ದರ್ಜೆ ಎನ್ನುವುದು ಅವರ ಲೆಕ್ಕದಿಂದಲೇ. ಇಲ್ಲೊಂದು ಮಾತು. ಚಿತ್ರದ ದರ್ಜೆಗೂ ರೋಗಿಯ ನೋವಿಗೂ ಹೊಂದಿಕೆಯಿರಲೇಬೇಕೆಂದಿಲ್ಲ. ಚಿತ್ರದಲ್ಲಿ ಪೂರ್ತಿ ಸವೆದ ಮಂಡಿಯವರು ಬೆಟ್ಟ ಹತ್ತುವುದುಂಟು, ಚಿತ್ರದಲ್ಲಿ ಏನೂ ಕಾಣದವರು ಮೆಟ್ಟಿಲು ಹತ್ತಲಾರದೆ ಅಳುವುದೂ ಉಂಟು. ಎಷ್ಟೋ ಮನೆಗಳಲ್ಲಿ ಆ ಕಪ್ಪು ಹಾಳೆಯೊಂದನ್ನೇ ನೋಡಿ ಎದೆಗುಂದಿ ನಡೆದಾಡುವುದನ್ನೇ ನಿಲ್ಲಿಸಿದವರಿದ್ದಾರೆ. ನಮ್ಮ ತಾಯಿಯವರೂ ಅವರಲ್ಲಿ ಒಬ್ಬರು.

ಇನ್ನು ಶಸ್ತ್ರಚಿಕಿತ್ಸೆಯ ಕಡೆಗೆ ಬರೋಣ. 1890ರ ಬರ್ಲಿನ್ ನಗರ. ಥೆಮಿಸ್ಟೊಕ್ಲೆಸ್ ಗ್ಲುಕ್ ಎಂಬ ಶಸ್ತ್ರವೈದ್ಯ ಕ್ಷಯರೋಗದಿಂದ ಹಾಳಾದ ಮಂಡಿಯ ಕೀಲನ್ನು ತೆಗೆದು, ಅಲ್ಲಿ ಆನೆಯ ದಂತದಿಂದ ಕಡೆದ ಕೀಲನ್ನು ಕೂಡಿಸಿದ. ಬಾಗಿಲಿನ ತಿರುಗಣೆಯಂಥ ಕೀಲು ಅದು. ಎಲುಬಿಗೆ ಅದನ್ನು ಬಿಗಿಯಲು ರಾಳ, ಪ್ಯೂಮಿಸ್ ಕಲ್ಲಿನ ಪುಡಿ, ಜಿಪ್ಸಂ ಗಾರೆ ಇವುಗಳ ಮಿಶ್ರಣವನ್ನು ಅಂಟಾಗಿ ಬಳಸಿ ನೋಡಿದ. ಆರಂಭದಲ್ಲಿ ರೋಗಿಗಳು ಕಾಲು ಮಡಿಸಿದರು, ನಡೆದರು. ಆದರೆ ಕ್ಷಯದ ಸೋಂಕು ಎಲುಬಿನಲ್ಲಿ ಉಳಿದೇ ಇತ್ತು. ಕೀಲುಗಳು ಒಂದೊಂದಾಗಿ ಕೀವುಗಟ್ಟಿದವು. ಸೋಂಕಿರುವಲ್ಲಿ ಕೃತಕ ಕೀಲು ನಿಲ್ಲದೆಂದು ಗ್ಲುಕ್ ತಾನೇ ಕಂಡುಕೊಂಡ. ಅವನ ಮೇಲಿನವನಾಗಿದ್ದ ಬರ್ಗ್‌ಮನ್ ಈ ಕೆಲಸವನ್ನು ಮೆಚ್ಚದೆ ಅಡ್ಡಬಂದ. ಆ ದಾರಿ ಅರ್ಧ ಶತಮಾನದಷ್ಟು ಕಾಲ ಹುಲ್ಲು ಬೆಳೆದು ಮುಚ್ಚಿಹೋಯಿತು. ತಪ್ಪು ರೋಗಿಗಳ ಮೇಲೆ ನಡೆದ ಸರಿಯಾದ ಪ್ರಯೋಗ ಅದೆಂದು ನನಗೆ ಅನಿಸುತ್ತದೆ. ಅಂಟಿನಿಂದ ಬಿಗಿದ ಕೀಲೆಂಬ ಕಲ್ಪನೆ ಸರಿಯಾಗಿಯೇ ಇತ್ತು.

ಆ ಕಲ್ಪನೆ ಮತ್ತೆ ಚಿಗುರಿದ್ದು ಇಂಗ್ಲೆಂಡಿನ ಜಾನ್ ಚಾರ್ನ್ಲಿಯಿಂದ. ಅವನ ಲಕ್ಷ್ಯ ಮಂಡಿಯಲ್ಲ, ಸೊಂಟದ ಕೀಲು. ಜಾರುವ ಗುಣವುಳ್ಳದ್ದೆಂದು ಟೆಫ್ಲಾನಿನ ಬಟ್ಟಲುಗಳನ್ನು ಮಾಡಿ ಅವನು 1958ರಿಂದ ನೂರಾರು ರೋಗಿಗಳಿಗೆ ಕೂಡಿಸಿದ. ಕೆಲವೇ ವರ್ಷಗಳಲ್ಲಿ ಅವು ಸವೆದು, ಸವೆದ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಚಾರ್ನ್ಲಿ ಆ ವಸ್ತುವನ್ನು ತನ್ನ ತೊಡೆಯೊಳಗೇ ಇರಿಸಿಕೊಂಡು ಅದರ ಪರಿಣಾಮವನ್ನು ಪರೀಕ್ಷಿಸಿದ. ಇಟ್ಟ ಬಟ್ಟಲುಗಳನ್ನು ಮತ್ತೆ ತೆರೆದು ತೆಗೆದುಹಾಕುವ ನೋವಿನ ಕೆಲಸವೂ ಅವನ ಪಾಲಿಗೇ ಬಂತು. 1962ರ ನವೆಂಬರಿನಲ್ಲಿ ಗಟ್ಟಿಯಾದ ಪಾಲಿಎಥಿಲೀನ್ ದೊರೆತ ಮೇಲೆಯೇ ಅವನ ಕೀಲು ನಿಂತದ್ದು. ತಾನು ಕೂಡಿಸಿದ್ದು ಸೋತಿತು ಎಂದು ಒಪ್ಪಿಕೊಂಡು, ಅದೇ ವಸ್ತುವನ್ನು ತನ್ನ ಮೈಯಲ್ಲೇ ಪರೀಕ್ಷಿಸಿದ ಈ ಮನುಷ್ಯನ ನಡತೆ ನನಗೆ ಅವನ ಕೀಲಿಗಿಂತ ದೊಡ್ಡದಾಗಿ ಕಾಣುತ್ತದೆ.

ಸೊಂಟದ ಕೀಲು ಒಂದು ಗುಂಡು, ಒಂದು ಬಟ್ಟಲು. ಮಂಡಿ ಅಷ್ಟು ಸರಳವಲ್ಲ. ಅದು ಬಾಗಿಲಿನ ತಿರುಗಣೆಯೆಂದು ಬಗೆದು 1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮೊದಲಾದವರು ಮಾಡಿದ ಕೀಲುಗಳು ಕಾಲಕ್ರಮದಲ್ಲಿ ಸಡಿಲಗೊಂಡವು. ಮಡಿಸುವಾಗ ಮಂಡಿ ತಿರುಗುವುದರ ಜೊತೆಗೆ ಜಾರುತ್ತದೆ, ಉರುಳುತ್ತದೆ, ಸ್ವಲ್ಪ ಹೊರಳುತ್ತದೆ. ಅದರ ಅಚ್ಚು ಒಂದೆಡೆ ನಿಲ್ಲುವುದಿಲ್ಲ. ಇದನ್ನು ಸರಿಯಾಗಿ ಹಿಡಿದವನು ಚಾರ್ನ್ಲಿಯ ಬಳಿ ಕೆಲಸ ಕಲಿಯಲು ಬಂದಿದ್ದ ಕೆನಡಾದ ಫ್ರಾಂಕ್ ಗನ್‌ಸ್ಟನ್. 1968ರಲ್ಲಿ ಅವನು ಮೇಲೆ ಅರೆಗಾಲಿಯಂಥ ಲೋಹದ ಪಟ್ಟಿಗಳನ್ನೂ ಕೆಳಗೆ ಪ್ಲಾಸ್ಟಿಕ್ಕಿನ ಹಳಿಗಳನ್ನೂ ಇಟ್ಟು, ನಡುವೆ ಯಾವ ತಿರುಗಣೆಯೂ ಇಲ್ಲದ ಮಂಡಿಯನ್ನು ಕೂಡಿಸಿದ. ಅದಕ್ಕೆ ಅವನು ಹಕ್ಕುಸ್ವಾಮ್ಯವನ್ನೂ ಪಡೆಯಲಿಲ್ಲ. ಬಳಿಕ 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್‌ಸಾಲ್, ಚಿತ್ತರಂಜನ ರಾಣಾವತ್, ಪೀಟರ್ ವಾಕರ್ ಇವರು ರೂಪಿಸಿದ ಕೀಲು ಬಳಕೆಗೆ ಬಂತು. ಇಂದು ಜಗತ್ತಿನಲ್ಲಿ ಕೂಡಿಸುವ ಬಹುಪಾಲು ಮಂಡಿಗಳು ಅದರ ವಂಶದವೇ. ಇವರಲ್ಲಿ ರಾಣಾವತ್ ನಮ್ಮ ದೇಶದವರು, ಇಂದೋರಿನಲ್ಲಿ ವೈದ್ಯವಿದ್ಯೆ ಕಲಿತವರು. 2000ದ ಅಕ್ಟೋಬರಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಪ್ರಧಾನಿ ವಾಜಪೇಯಿಯವರ ಎಡ ಮಂಡಿಯನ್ನೂ 2001ರ ಜೂನ್‌ನಲ್ಲಿ ಬಲ ಮಂಡಿಯನ್ನೂ ಬದಲಿಸಿದವರು ಅವರೇ. ಜುಲೈಯಲ್ಲಿ ವಾಜಪೇಯಿ ಆಗ್ರಾದಲ್ಲಿ ಮುಷರಫರೊಡನೆ ಮಾತುಕತೆಗೆ ಕುಳಿತಿದ್ದರು. ಮಂಡಿಯ ಬದಲಾವಣೆ ಎಂಬುದು ನಮ್ಮ ಮನೆಮಾತಾದದ್ದು ಆಗಲೇ. ಅದುವರೆಗೆ ವಯಸ್ಸಾಯಿತು ಎಂದು ಸುಮ್ಮನಾಗುತ್ತಿದ್ದವರು ಆಮೇಲೆ ಖರ್ಚೆಷ್ಟು ಎಂದು ಕೇಳತೊಡಗಿದರು.

ಖರ್ಚಿನ ಮಾತೂ ಚರಿತ್ರೆಯೇ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿ ಮಾರುತ್ತಿದ್ದ ಸಾಮಾನ್ಯ ಬಗೆಯ ಲೋಹದ ಕೀಲಿಗೆ 54,720 ರೂಪಾಯಿಯ ಮೇಲೆ ಕೇಳಕೂಡದೆಂದಾಯಿತು. ಒಂದು ವಸ್ತುವಿನ ಬೆಲೆ ಒಂದೇ ಆಜ್ಞೆಯಿಂದ ಮೂರನೆಯ ಒಂದು ಭಾಗಕ್ಕೆ ಇಳಿಯಬಹುದಾದರೆ, ಉಳಿದ ಎರಡು ಭಾಗ ಅಷ್ಟು ದಿನ ಯಾರ ಕಿಸೆಗೆ ಹೋಗುತ್ತಿತ್ತು ಎಂಬ ಪ್ರಶ್ನೆ ಏಳದಿರುವುದೇ? ಕೀಲಿನ ಬಾಳಿಕೆಯ ವಿಷಯದಲ್ಲಿ ಮಾತ್ರ ಆಕ್ಷೇಪಕ್ಕೆ ಹೆಚ್ಚು ಎಡೆಯಿಲ್ಲ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದ ಪ್ರಕಾರ ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ನಿಲ್ಲುತ್ತವೆ. ಆದರೆ ಶಸ್ತ್ರಚಿಕಿತ್ಸೆಯಾದವರಲ್ಲಿ ಐವರಿಗೆ ಸುಮಾರು ಒಬ್ಬರು ತೃಪ್ತರಲ್ಲವೆಂಬುದೂ ಲೆಕ್ಕದಲ್ಲೇ ಇದೆ. ಮಂಡಿ ತೀರ ಕೆಟ್ಟು, ರಾತ್ರಿಯ ನಿದ್ದೆಯನ್ನೂ ಕಸಿದುಕೊಂಡವರಿಗೆ ಇದು ವರ. ಸ್ವಲ್ಪ ನೋವಿಗೇ ಅವಸರಪಟ್ಟವರ ಮಾತು ಬೇರೆ.

ಎಲ್ಲರಿಗೂ ಕೀಲು ಬದಲಿಸುವಂತಿಲ್ಲವಾದುದರಿಂದ ನಡುವಣ ಹಾದಿಗಳು ಹಲವು ಹುಟ್ಟಿದವು. ಮಂಡಿ ಒಂದೇ ಮಗ್ಗುಲಲ್ಲಿ ಸವೆದಿದ್ದರೆ ಕಣಕಾಲಿನ ಎಲುಬನ್ನು ಮೇಲ್ಭಾಗದಲ್ಲಿ ಕೊಯ್ದು ಓರೆ ತಿದ್ದಿ, ಭಾರವನ್ನು ಒಳ್ಳೆಯ ಮಗ್ಗುಲಿಗೆ ಸರಿಸುವುದು ಒಂದು. 1960ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಮಾರ್ಕ್ ಕಾವೆಂಟ್ರಿ ಮುಂತಾದವರು ಬೆಳೆಸಿದ ಈ ವಿಧಾನ ಎಳೆಯ ವಯಸ್ಸಿನವರಿಗೆ ಇಂದಿಗೂ ಸಲ್ಲುತ್ತದೆ.

ಇನ್ನೊಂದರ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ, ಮೂತ್ರಕೋಶವನ್ನು ನೋಡುವ ಕೊಳವೆಯಿಂದ ಮೃತದೇಹವೊಂದರ ಮಂಡಿಯ ಒಳಗನ್ನು ನೋಡಿದ. ಕ್ಷಯದಿಂದ ಮಂಡಿ ಸೆಟೆದು ಹೋದವರು ಮಂಡಿಯೂರಿ ನೆಲದ ಮೇಲೆ ಕೂರುವ ಜಪಾನೀ ಸಮಾಜದಲ್ಲಿ ಪಡುತ್ತಿದ್ದ ಪಾಡು ಅವನನ್ನು ಈ ಕೆಲಸಕ್ಕೆ ಹಚ್ಚಿತೆಂದು ಹೇಳುತ್ತಾರೆ. ನೆಲದ ಮೇಲೆ ಕುಳಿತು ಉಣ್ಣುವ ನಮಗೆ ಇದು ಹೊಸತಾಗಿ ತೋರಲಾರದು. ಅವನ ಶಿಷ್ಯ ಮಸಾಕಿ ವತನಾಬೆಯ ಕೈಯಲ್ಲಿ ಆ ಕೊಳವೆ ಶಸ್ತ್ರವಾಯಿತು. ಮುಂದೆ ಅದು ಲೋಕವನ್ನೆಲ್ಲ ಸುತ್ತಿ, ಸವೆದ ಮಂಡಿಯನ್ನು ಒಳಗಿನಿಂದ ತೊಳೆಯುವುದು, ಕೆರೆದು ನುಣುಪು ಮಾಡುವುದು ಲಕ್ಷಗಟ್ಟಲೆ ನಡೆಯತೊಡಗಿತು. ರೋಗಿಗಳು ಗುಣವಾಯಿತೆಂದರು. ವೈದ್ಯರು ನಂಬಿದರು.

ಅಮೆರಿಕದ ಹ್ಯೂಸ್ಟನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯ ಮತ್ತು ಅವನ ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಕೆಲವರಿಗೆ ಕೆರೆಯುವುದು, ಕೆಲವರಿಗೆ ಬರಿ ತೊಳೆಯುವುದು. ಮೂರನೆಯ ಗುಂಪಿನವರಿಗೆ ಮಂಪರು ಬರಿಸಿ ಚರ್ಮದ ಮೇಲೆ ಮೂರು ಸಣ್ಣ ಗೀರು ಮಾತ್ರ. ಶಸ್ತ್ರಗಳನ್ನು ಕೇಳಿ ಪಡೆಯುವ ಮಾತು, ನೀರು ಚೆಲ್ಲುವ ಸದ್ದು ಎಲ್ಲವೂ ನಿಜವಾದ ಶಸ್ತ್ರಚಿಕಿತ್ಸೆಯಂತೆಯೇ. ಮಂಡಿಯೊಳಕ್ಕೆ ಏನೂ ಹೋಗಲಿಲ್ಲ. ಮೋಸವೇ ಎಂದು ಕೇಳುಗರು ಕೇಳಬಹುದು. ಅಲ್ಲ. ತನಗೆ ಬರಿಯ ತೋರಿಕೆಯ ಚಿಕಿತ್ಸೆಯೂ ಆಗಬಹುದು, ಅದರಿಂದ ಸವೆತಕ್ಕೆ ಪ್ರಯೋಜನವಾಗದು ಎಂದು ಪ್ರತಿಯೊಬ್ಬ ರೋಗಿಯೂ ಮುಂಚೆಯೇ ತನ್ನ ಕೈಯಾರೆ ಬರೆದುಕೊಡಬೇಕಾಗಿತ್ತು. ಕೇಳಿದ 324 ಮಂದಿಯಲ್ಲಿ 144 ಮಂದಿ ಒಲ್ಲೆವೆಂದರು, 180 ಮಂದಿ ಒಪ್ಪಿದರು. ಎರಡು ವರ್ಷ ಕಾದು ನೋಡಿದ ಫಲ 2002ರಲ್ಲಿ ಪ್ರಕಟವಾಯಿತು: ಮೂರು ಗುಂಪುಗಳಲ್ಲೂ ಫಲ ಒಂದೇ. ಬರಿ ಗೀರಿಸಿಕೊಂಡವರೂ ಉಳಿದವರಷ್ಟೇ ಸುಧಾರಿಸಿದ್ದರು. 2008ರಲ್ಲಿ ಕೆನಡಾದಿಂದ ಬಂದ ಮತ್ತೊಂದು ಪರೀಕ್ಷೆಯೂ ಇದನ್ನೇ ಸಾರಿತು. ಇಷ್ಟಾದರೂ ಆ ಕೆರೆತ ಒಂದೇ ದಿನದಲ್ಲಿ ನಿಲ್ಲಲಿಲ್ಲ. ಜೀವಿಕೆಯಾಗಿ ಬೆಳೆದ ವಿದ್ಯೆ ಪ್ರಮಾಣ ಸಿಕ್ಕ ಕೂಡಲೇ ಕೈಬಿಡುವುದಿಲ್ಲ. ತಮ್ಮ ಸ್ವಂತ ಕಸುಬನ್ನು ಸಂದೇಹಿಸಿದ ಆ ವೈದ್ಯರ ಜೊತೆಗೆ, ಗೀರು ಮಾತ್ರ ಸಿಗಬಹುದೆಂದು ತಿಳಿದೂ ಒಪ್ಪಿದ ಆ ಹಳೆಯ ಸೈನಿಕರನ್ನೂ ನೆನೆಯಬೇಕು.

ಗುಳಿಗೆ, ಸೂಜಿಮದ್ದುಗಳ ಕಥೆಯೂ ಏರಿಳಿತದ್ದೇ. ವಿಲೋ ಮರದ ತೊಗಟೆಯ ಕಹಿ ಜ್ವರಕ್ಕೆ ಒಳ್ಳೆಯದೆಂದು 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ರಾಯಲ್ ಸೊಸೈಟಿಗೆ ಬರೆದ. ಅದರ ಸಂತತಿಯೇ 1899ರಲ್ಲಿ ಮಾರಾಟಕ್ಕೆ ಬಂದ ಆಸ್ಪಿರಿನ್. ಅಂಥ ಗುಳಿಗೆಗಳು ನೋವನ್ನು ಹೇಗೆ ತಡೆಯುತ್ತವೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಹೊಟ್ಟೆಯನ್ನು ಕೆಡಿಸದ ಗುಳಿಗೆಯೆಂದು 1999ರಲ್ಲಿ ವಯಾಕ್ಸ್ ಎಂಬುದು ಬಂತು. ಹೃದಯಾಘಾತದ ಅಪಾಯ ಹೆಚ್ಚುವುದೆಂದು ಸ್ಥಿರಪಟ್ಟು 2004ರ ಸೆಪ್ಟೆಂಬರ್ 30ರಂದು ಅದನ್ನು ಹಿಂತೆಗೆದುಕೊಂಡರು. ಮಂಡಿಯೊಳಕ್ಕೆ ಸ್ಟೀರಾಯ್ಡ್ ಚುಚ್ಚುವುದನ್ನು 1951ರಲ್ಲಿ ಫಿಲಡೆಲ್ಫಿಯದ ಹಾಲೆಂಡರ್ ಬಳಕೆಗೆ ತಂದ. ಕೆಲವು ವಾರ ಅದರಿಂದ ಆರಾಮವಿರುವುದು ನಿಜ. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಚುಚ್ಚಿಸಿಕೊಂಡವರಲ್ಲಿ, ಬರಿಯ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ನೋವೇನೂ ಕಡಿಮೆಯಾಗದೆ ಮೃದ್ವಸ್ಥಿ ಮಾತ್ರ ಹೆಚ್ಚು ಸವೆಯಿತೆಂದು 2017ರಲ್ಲಿ ಗೊತ್ತಾಯಿತು. ಹುಂಜದ ಜುಟ್ಟಿನಿಂದ ತೆಗೆದ ಲೋಳೆಯನ್ನು ಮಂಡಿಗೆ ಎಣ್ಣೆಯಂತೆ ಹೊಯ್ಯುವುದೂ ಬಂತು, ಸಿಗಡಿ ಏಡಿಗಳ ಚಿಪ್ಪಿನಿಂದ ಮಾಡಿದ ಗ್ಲುಕೋಸಮೀನ್ ಗುಳಿಗೆಯೂ ಬಂತು. ಗುಳಿಗೆಯನ್ನು 1,583 ಜನರ ಮೇಲೆ ಪರೀಕ್ಷಿಸಿ 2006ರಲ್ಲಿ ಹೇಳಿದ್ದೇನೆಂದರೆ, ಒಟ್ಟಾರೆ ನೋಡಿದರೆ ಸಕ್ಕರೆಗುಳಿಗೆಗಿಂತ ಮೇಲಲ್ಲ ಎಂದು. ಔಷಧದ ಅಂಗಡಿಗಳಲ್ಲಿ ಅದು ಇಂದಿಗೂ ಬಿಕರಿಯಾಗುತ್ತಿದೆ.

ಹಾಗಾದರೆ ಉಳಿದದ್ದೇನು? ಉಳಿದದ್ದು ಬೆಲೆಯಿಲ್ಲದ, ಆದುದರಿಂದಲೇ ಬೆಲೆ ಬಾರದ ಎರಡು ಉಪಾಯಗಳು. ಒಂದು, ತೊಡೆಯ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದಾಗ, ವರ್ಷದ ಕೊನೆಗೆ ಸೂಜಿಮದ್ದಿನವರಿಗಿಂತ ಅಂಗಸಾಧನೆಯವರೇ ಮೇಲಾಗಿದ್ದರೆಂದು 2020ರಲ್ಲಿ ಪ್ರಕಟವಾಯಿತು. ಎರಡನೆಯದು ಮೈಭಾರ ಇಳಿಸುವುದು. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಅಳೆದು ತೋರಿಸಿದ್ದಾರೆ. ಫ್ರೇಮಿಂಗ್‌ಹ್ಯಾಮ್ ಊರಿನ ಹೆಂಗಸರನ್ನು ಬಹುಕಾಲ ಗಮನಿಸಿದ ಅಧ್ಯಯನದಲ್ಲಿ ಸುಮಾರು ಐದು ಕಿಲೋ ಇಳಿದವರಿಗೆ ಈ ರೋಗದ ಸಂಭವ ಅರ್ಧಕ್ಕಿಳಿದಿತ್ತು. 2024ರಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಸೂಜಿಮದ್ದು ಸ್ಥೂಲಕಾಯರ ಮಂಡಿನೋವನ್ನೂ ಗಣನೀಯವಾಗಿ ತಗ್ಗಿಸಿತೆಂಬ ವರದಿ ಬಂತು. ಆಗ ಅದು ಅಗ್ಗದ ಮದ್ದಂತೂ ಆಗಿರಲಿಲ್ಲ.

ಇದೆಲ್ಲ ಬರಿ ಮುಪ್ಪಿನ ಸವೆತವೆಂದು ಕೈಚೆಲ್ಲುವವರು ಇನ್ನೊಂದು ಸಂಗತಿಯನ್ನು ತಿಳಿಯಬೇಕು. 2017ರಲ್ಲಿ ಅಮೆರಿಕದ ಸಂಶೋಧಕರು ಎರಡು ಸಾವಿರಕ್ಕೂ ಮಿಕ್ಕ ಅಸ್ಥಿಪಂಜರಗಳ ಮಂಡಿಗಳನ್ನು ಪರೀಕ್ಷಿಸಿದರು. ಸಾವಿರಾರು ವರ್ಷಗಳ ಹಿಂದಿನ ಬೇಟೆಗಾರರವು ಕೆಲವು, ಕಾರ್ಖಾನೆಗಳ ಆರಂಭಕಾಲದವು ಕೆಲವು, ಈಚಿನವು ಕೆಲವು. ದಿನವೆಲ್ಲ ನಡೆದು ಹೊರೆ ಹೊತ್ತ ಆ ಹಳಬರಲ್ಲಿ ಸವೆತ ಕಡಿಮೆ, ಕುರ್ಚಿಯ ಮೇಲೆ ಕುಳಿತ ಹೊಸಬರಲ್ಲಿ ಅದರ ಎರಡರಷ್ಟು. ವಯಸ್ಸನ್ನೂ ಮೈಭಾರವನ್ನೂ ಲೆಕ್ಕದಿಂದ ಕಳೆದರೂ ವ್ಯತ್ಯಾಸ ಹೋಗಲಿಲ್ಲ. ಹಾಗೆಂದು ನೆಲದ ಮೇಲೆ ಕೂರುವುದೇ ರಕ್ಷೆಯೆಂದೂ ಹೇಳುವಂತಿಲ್ಲ. ಬಹುಹೊತ್ತು ಕುಕ್ಕರಗಾಲಿನಲ್ಲಿ ಕೂರುವ ರೂಢಿಯಿದ್ದ ಬೀಜಿಂಗಿನ ಹೆಂಗಸರಲ್ಲಿ ಈ ರೋಗ ಅಮೆರಿಕದ ಹೆಂಗಸರಿಗಿಂತ ಹೆಚ್ಚಾಗಿಯೇ ಕಂಡುಬಂದಿದೆ.

ಕೊನೆಯದಾಗಿ ಊರುಗೋಲು. 1956ರಲ್ಲಿ ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟ್ ಕೋಲನ್ನು ಎಸೆಯಬೇಡಿರೆಂಬ ತಲೆಬರಹದಲ್ಲಿಯೇ ಒಂದು ಲೇಖನ ಬರೆದಿದ್ದ. 2012ರಲ್ಲಿ ಬ್ರೆಜಿಲಿನವರು ಮಂಡಿನೋವಿನ 64 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಎರಡು ತಿಂಗಳು ಕೋಲು ಹಿಡಿದು ನಡೆಸಿ, ಅವರ ನೋವು ಇಳಿದದ್ದನ್ನು ಕಂಡರು. ಕೋಲನ್ನು ಹಿಡಿಯಬೇಕಾದದ್ದು ನೋಯುವ ಕಾಲಿನ ಕಡೆಯ ಕೈಯಲ್ಲಲ್ಲ, ಎದುರಿನ ಕೈಯಲ್ಲಿ. ಹಾಗೆ ಹಿಡಿದರೆ ಹೆಜ್ಜೆಯಿಡುವಾಗ ಭಾರ ಕೋಲಿಗೂ ಕಾಲಿಗೂ ಹಂಚಿಹೋಗುತ್ತದೆ. ನಮ್ಮ ತಾಯಿಯವರ ಬಲ ಮಂಡಿ ನೋಯುತ್ತಿತ್ತು. ಅವರು ಹನ್ನೊಂದು ವರ್ಷ ಬಲಗೈಯಲ್ಲೇ ಕೋಲು ಹಿಡಿದು ನಡೆದರು. ಆ ವರ್ಷಗಳಲ್ಲಿ ಅವರನ್ನು ನೋಡಿದ ವೈದ್ಯರು ನಾಲ್ವರು. ಕ್ಷಕಿರಣದ ಚಿತ್ರಗಳು ಒಂದು ಚೀಲದ ತುಂಬ ಇದ್ದವು. ಕೋಲನ್ನು ಎಡಗೈಗೆ ಬದಲಿಸಿಕೊಳ್ಳಿ ಎಂಬ ಮಾತನ್ನು ಮಾತ್ರ ಯಾರೂ ಅವರಿಗೆ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.